ರಾಣಿ ಇರುವೆ ಸಿಕ್ಕಿದೆ, ಟೆಸ್ಟ್ ಟ್ಯೂಬ್‌ನಲ್ಲಿ ಇಟ್ಟಿದ್ದೇನೆ. ಮುಂದೇನು?

ಮಳೆಗಾಲದ_ಮನು · ಮೈಸೂರು · ಮೇ

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಹೊಸಬ. ನಿನ್ನೆ ಸಂಜೆ ಮಳೆ ನಿಂತ ಮೇಲೆ ಕಾಂಪೌಂಡ್ ಗೋಡೆ ಪಕ್ಕ ಒಂದು ದೊಡ್ಡ ಕಪ್ಪಿರುವೆ ಒಂಟಿಯಾಗಿ ಓಡಾಡುತ್ತಿತ್ತು. ನೋಡಲು ಗೊದ್ದದ ಹಾಗೇ ಇದೆ. ಆದರೆ ಬೆನ್ನು ಉಬ್ಬಿದೆ, ಹಿಂಭಾಗ ದಪ್ಪ, ರೆಕ್ಕೆ ಇಲ್ಲ. ಮನೆಯಲ್ಲಿ ಒಂದು ಗಾಜಿನ ಟ್ಯೂಬ್ ಇತ್ತು. ಅದರೊಳಗೆ ಬಿಟ್ಟು ಬಾಯಿಗೆ ಹತ್ತಿ ತುರುಕಿದ್ದೇನೆ. ಒಂದು ಚೂರು ಬಿಸ್ಕತ್ತು, ನಾಲ್ಕು ಕಾಳು ಸಕ್ಕರೆ ಹಾಕಿದೆ. ಮುಟ್ಟಿಯೂ ನೋಡಿಲ್ಲ.

ಇದು ರಾಣಿನಾ? ಇದೊಂದರಿಂದಲೇ ಇಡೀ ಗೂಡು ಆಗುತ್ತಾ, ಅಥವಾ ಗಂಡಿರುವೆಯನ್ನೂ ಹುಡುಕಬೇಕಾ? ಏನು ತಿನ್ನಿಸಬೇಕು? ಅಮ್ಮ ಬೇರೆ, "ಅಡುಗೆಮನೆಯಲ್ಲಿರೋ ಇರುವೆ ಸಾಲದಾ ನಿನಗೆ" ಅಂತ ಶುರು ಮಾಡಿದ್ದಾರೆ.

ಕೀಟಲೆ · ಬೆಂಗಳೂರು

ಮೊದಲು ಆ ಬಿಸ್ಕತ್ತು ತೆಗೆಯಿರಿ. ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತೆ, ರಾಣಿಯೂ ಅದರ ಜೊತೆ ಹೋಗುತ್ತೆ.

ನೀವು ಬರೆದಿದ್ದು ನೋಡಿದರೆ ಗೊದ್ದದ ರಾಣಿಯೇ. ಪುಸ್ತಕದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ನಮ್ಮ ಕಡೆ ಹೊಸದಾಗಿ ಇರುವೆ ಸಾಕುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೂ ಒಂದು ಭೂತಗನ್ನಡಿ ಹಿಡಿದು ಎದೆಯ ಭಾಗವನ್ನು ಪಕ್ಕದಿಂದ ನೋಡಿ. ಸಾದಾ ಗೊದ್ದಕ್ಕೆ ಅಲ್ಲಿ ಒಂದೇ ನಯವಾದ ಕಮಾನು ಇರುತ್ತೆ. ರಾಣಿಗೆ ಹಾಗಲ್ಲ. ತಟ್ಟೆ ತಟ್ಟೆಯಾಗಿ ಜೋಡಿಸಿದ ದಪ್ಪ ಎದೆ. ಹಾರುವ ಸ್ನಾಯುಗಳು ಅಲ್ಲಿಯೇ ತುಂಬಿರುವುದು. ಎರಡೂ ಪಕ್ಕದಲ್ಲಿ ರೆಕ್ಕೆ ಮುರಿದ ಜಾಗ ಕಾಣಬೇಕು, ಸಣ್ಣ ಕಂದು ಮೊಳೆಯ ತುದಿಯಂಥ ಗುರುತು. ಅದು ಕಂಡರೆ ರಾಣಿ. ಅನುಮಾನವೇ ಬೇಡ.

ಗಂಡು ಹುಡುಕಬೇಡಿ. ಮದುವೆ ಆಕಾಶದಲ್ಲೇ ಮುಗಿದಿರುತ್ತೆ. ಅವತ್ತು ಪಡೆದ ವೀರ್ಯವನ್ನು ರಾಣಿ ಹೊಟ್ಟೆಯೊಳಗಿನ ಒಂದು ಚೀಲದಲ್ಲಿ ಇಟ್ಟುಕೊಂಡು, ಬದುಕಿರುವವರೆಗೂ ಸ್ವಲ್ಪ ಸ್ವಲ್ಪವೇ ಬಳಸುತ್ತೆ. ವೀರ್ಯ ಸೇರಿದ ಮೊಟ್ಟೆಯಿಂದ ಹೆಣ್ಣು, ಸೇರದ ಮೊಟ್ಟೆಯಿಂದ ಗಂಡು. ಗೂಡಿನಲ್ಲಿ ದುಡಿಯುವವೆಲ್ಲ ಹೆಣ್ಣುಗಳೇ. ಗಂಡುಗಳಿಗೆ ಹಾರಾಟ ಮುಗಿದರೆ ಆಯುಸ್ಸೂ ಮುಗಿಯಿತು.

ಇನ್ನು ಊಟ. ಈಗ ಏನೂ ಬೇಡ. ಈ ಜಾತಿಯ ರಾಣಿ ಮೊದಲ ಮಕ್ಕಳು ದೊಡ್ಡವಾಗುವವರೆಗೆ ತುತ್ತು ಮುಟ್ಟುವುದಿಲ್ಲ. ಮಣ್ಣಿನಡಿ ಒಂದು ಪುಟ್ಟ ಕೋಣೆ ಮಾಡಿಕೊಂಡು ಬಾಗಿಲು ಮುಚ್ಚಿಬಿಡುತ್ತೆ. ಮೈಯಲ್ಲಿರುವ ಕೊಬ್ಬು, ಇನ್ನು ಬೇಡವಾದ ಆ ಹಾರುವ ಸ್ನಾಯು, ಎರಡನ್ನೂ ಕರಗಿಸಿಕೊಂಡು ಬದುಕುತ್ತೆ. ಮರಿಗಳಿಗೂ ಅದರಿಂದಲೇ ಬಾಯಿಂದ ಬಾಯಿಗೆ ಗುಟುಕು.

ಟ್ಯೂಬ್ ಮಾತ್ರ ಸರಿಯಾಗಿ ಕಟ್ಟಿ. ಮೂರನೇ ಒಂದು ಭಾಗ ನೀರು. ಅದಕ್ಕೆ ತಾಗುವಂತೆ ಹತ್ತಿಯ ಬಿಗಿ ಉಂಡೆ, ಕಡ್ಡಿಯಿಂದ ನಿಧಾನಕ್ಕೆ ತಳ್ಳಿ. ಹತ್ತಿಯ ಈಚೆ ಮುಖ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಆಮೇಲೆ ಬೆರಳುದ್ದ ಖಾಲಿ ಜಾಗ, ರಾಣಿ, ಬಾಯಿಗೆ ಒಣ ಹತ್ತಿ. ಮಲಗಿಸಿ ಇಡಿ. ಕತ್ತಲೆ ಇರಲಿ, ಅಲುಗಾಟ ಬೇಡ. ಬೀರುವಿನ ಮೂಲೆ ಸಾಕು.

ಆಮೇಲೆ ಮಾಡಬೇಕಾದ ಕೆಲಸ ಒಂದೇ, ಅದೇ ಎಲ್ಲಕ್ಕಿಂತ ಕಷ್ಟ: ನೋಡಬೇಡಿ. ವಾರಕ್ಕೊಮ್ಮೆ ಅರ್ಧ ನಿಮಿಷ ಇಣುಕಿದರೆ ಜಾಸ್ತಿ.

ಮಳೆಗಾಲದ_ಮನು

ಥ್ಯಾಂಕ್ಸ್ ಸರ್. ಗುರುತು ಕಾಣಿಸಿತು! ಎರಡೂ ಕಡೆ ಇದೆ. ಬಿಸ್ಕತ್ತು ತೆಗೆದೆ. ಆದರೆ ವಾರಕ್ಕೊಮ್ಮೆ ಅಂದರೆ... ಆಗಲೇ ಬೀರು ಕಡೆಗೇ ಕೈ ಹೋಗುತ್ತಿದೆ.

ಸುಮಾ_ಟೀಚರ್ · ತೀರ್ಥಹಳ್ಳಿ

ಮನು, ಸುಮ್ನೆ ಬಿಡಿಪ್ಪಾ ಅದನ್ನ. ನಮ್ಮ ಶಾಲೆ ಮಕ್ಕಳು ಪ್ರತಿ ವರ್ಷ ಮುಂಗಾರಿನ ಹೊತ್ತಿಗೆ ಬೆಂಕಿಪೊಟ್ಟಣದಲ್ಲಿ "ಟೀಚರ್, ರಾಣಿ" ಅಂತ ಏನಾದರೂ ತರುತ್ತಾರೆ. ಮುಕ್ಕಾಲು ಪಾಲು ಗೆದ್ದಲು. ಹೊಸಬರು ಓದುತ್ತಿರುವುದರಿಂದ ಇಲ್ಲೇ ಬರೆದುಬಿಡುತ್ತೇನೆ.

ಮಳೆ ಬಿದ್ದ ರಾತ್ರಿ ದೀಪಕ್ಕೆ ಮುತ್ತುವ ರೆಕ್ಕೆಹುಳ ಹೆಚ್ಚಾಗಿ ಗೆದ್ದಲಿನದು. ಅದಕ್ಕೆ ನಾಲ್ಕೂ ರೆಕ್ಕೆ ಒಂದೇ ಅಳತೆ, ಕುಡಿಮೀಸೆ ನೆಟ್ಟಗೆ, ಸೊಂಟ ಅನ್ನುವುದೇ ಇಲ್ಲ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಕುಡಿಮೀಸೆ ಮೊಣಕೈ ಹಾಗೆ ಮಡಚಿರುತ್ತೆ. ಸೊಂಟ ದಾರದಷ್ಟು ಸಣ್ಣ.

ಇನ್ನೊಂದು ಮೋಸ ಇದೆ. ಕಂದು ಬಣ್ಣದ, ಉದ್ದ ದಪ್ಪ ಹೊಟ್ಟೆಯ ಹುಳ ಒಂದು ಟ್ಯೂಬ್‌ಲೈಟಿಗೆ ಬಂದು ಡಬ ಡಬ ಅಂತ ಬಡಿಯುತ್ತೆ. ನೋಡಿದರೆ ಕಣಜ ಅನಿಸಬೇಕು. ಅದು ಡೋರಿಲಸ್ ಅನ್ನುವ ನೆಲದಡಿಯ ದಂಡಿರುವೆಯ ಗಂಡು. ಗಾತ್ರ ನೋಡಿ ಎಲ್ಲರೂ ರಾಣಿ ಅಂದುಕೊಳ್ಳುತ್ತಾರೆ. ಆ ಜಾತಿಯ ರಾಣಿಗೆ ರೆಕ್ಕೆಯೇ ಇಲ್ಲ, ಅದು ಹಾರುವುದೂ ಇಲ್ಲ.

ಧಾರವಾಡದ_ದೊಡ್ಡಿರುವೆ · ಧಾರವಾಡ

ಟೀಚರ್ ಹೇಳಿದ್ದು ಖರೇ ಐತ್ರಿ. ನಮ್ಮ ಓಣಿಯ ಹುಡುಗರು ಆ ಡೋರಿಲಸ್ ಹಿಡಿದು ದಾರ ಕಟ್ಟಿ ಆಡುತ್ತಿದ್ದರು.

ನನ್ನದೊಂದು ಪ್ರಶ್ನೆ. ರಾಣಿಗೆ ಒಂದು ಹನಿ ಜೇನುತುಪ್ಪ ಕೊಟ್ಟರೆ ತಪ್ಪೇನು? ನಾನು ಕೊಡುತ್ತೇನೆ. ನಕ್ಕೀ ಕುಡಿಯುತ್ತೆ. ಹಸಿದವರಿಗೆ ಊಟ ಕೊಡಬಾರದು ಅಂದರೆ ಯಾವ ನ್ಯಾಯ?

ಕೀಟಲೆ

ಕುಡಿಯುತ್ತೆ, ಇಲ್ಲ ಅನ್ನುವುದಿಲ್ಲ. ಆದರೆ ಹನಿ ಇಡಲು ಹತ್ತಿ ತೆಗೆಯಬೇಕು. ಟ್ಯೂಬ್ ಅಲುಗುತ್ತೆ, ಬೆಳಕು ಬೀಳುತ್ತೆ, ಗಾಳಿ ಬದಲಾಗುತ್ತೆ. ರಾಣಿಗೆ ಇದು "ಕೋಣೆಗೆ ಯಾರೋ ನುಗ್ಗಿದರು" ಅನ್ನುವ ಸುದ್ದಿ. ಹಾಗೆ ಗಾಬರಿಯಾದ ರಾಣಿ ಮಾಡುವ ಮೊದಲ ಕೆಲಸ ತನ್ನ ಮೊಟ್ಟೆಯನ್ನು ತಾನೇ ತಿನ್ನುವುದು. ಕ್ರೌರ್ಯ ಅಲ್ಲ, ಲೆಕ್ಕಾಚಾರ. ಜಾಗ ಸರಿಯಿಲ್ಲ ಅಂದರೆ ಹಾಕಿದ ಬಂಡವಾಳ ವಾಪಸ್ ತೆಗೆದುಕೊಂಡು ಬೇರೆ ಕಡೆ ಹೋಗುವುದು. ಟ್ಯೂಬ್‌ನಲ್ಲಿ ಬೇರೆ ಕಡೆ ಎಲ್ಲಿದೆ?

ಜೇನು ಗಾಜಿಗೆ ಅಂಟಿ ಕಾಲು ಸಿಕ್ಕಿಕೊಳ್ಳುವುದು ಬೇರೆ ಕಥೆ.

ಧಾರವಾಡದ_ದೊಡ್ಡಿರುವೆ

ನನ್ನ ರಾಣಿ ಹಾಗೇನೂ ತಿಂದಿಲ್ಲರೀ.

ಕೀಟಲೆ

ನಿಮ್ಮ ರಾಣಿ ಪೇಡೆ ಊರಿನದು, ಸಿಹಿ ಒಗ್ಗಿರಬೇಕು.

ತಮಾಷೆ ಬಿಡಿ. ಒಂದೆರಡು ಸಲ ಕೊಟ್ಟರೆ ಸತ್ತೇ ಹೋಗುತ್ತೆ ಅಂತ ನಾನು ಹೇಳುವುದಿಲ್ಲ. ಕೊಡದೆ ಇದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ, ಕೊಟ್ಟರೆ ಕಳೆದುಕೊಳ್ಳುವ ಸಾಧ್ಯತೆ ಇದೆ. ಅಷ್ಟೇ ನನ್ನ ವಾದ. ಆದರೆ ಎಲ್ಲ ಜಾತಿಗೂ ಈ ಮಾತು ನಡೆಯಲ್ಲ. ಕೆಲವು ಜಾತಿಯ ರಾಣಿಯರು ಗೂಡು ಕಟ್ಟುವ ಕಾಲದಲ್ಲೂ ತಾವೇ ಹೊರಗೆ ಹೋಗಿ ಬೇಟೆ ತರಬೇಕು. ಅವಕ್ಕೆ ಊಟ ಕೊಡದಿದ್ದರೆ ಉಪವಾಸ ಸಾಯುತ್ತವೆ. ನಮ್ಮ ಜಿಗಿಯುವ ಇರುವೆ ಆ ಗುಂಪಿನದು. ಅದಕ್ಕೇ "ಯಾವ ಜಾತಿ" ಅನ್ನುವುದು ಮೊದಲು, "ಏನು ತಿನ್ನಿಸಲಿ" ಅನ್ನುವುದು ಆಮೇಲೆ.

ಸುಮಾ_ಟೀಚರ್

ಜಿಗಿಯುವ ಇರುವೆ ಅಂದರೆ ಹಾರ್ಪೆಗ್ನಾಥೋಸ್ ಸಾಲ್ಟೇಟರ್ ಅಲ್ವಾ? ನಮ್ಮ ಕಾಡಿನಂಚಿನಲ್ಲಿ ಇದೆ. ಉದ್ದ ಇಕ್ಕಳದಂಥ ದವಡೆ, ಅಷ್ಟಗಲ ಕಣ್ಣು. ಹತ್ತಿರ ಹೋದರೆ ತಿರುಗಿ ನಮ್ಮನ್ನೇ ದಿಟ್ಟಿಸುತ್ತೆ. ಇರುವೆ ನಮ್ಮನ್ನು ನೋಡುತ್ತಿದೆ ಅಂತ ಅನಿಸುವುದು ಇದೊಂದರ ಹತ್ತಿರ ಮಾತ್ರ.

ಕೀಟಲೆ

ಹೌದು ಮೇಡಂ. 2010ರಲ್ಲಿ ಮೊದಲ ಬಾರಿಗೆ ಇರುವೆಗಳ ಪೂರ್ತಿ ಜೀನೋಮ್ ಓದಿದಾಗ ಆಯ್ದ ಎರಡು ಜಾತಿಗಳಲ್ಲಿ ಇದೂ ಒಂದು. ಇನ್ನೊಂದು ಅಮೆರಿಕದ ಗೊದ್ದ. ನಮ್ಮ ಜಿಗಿಯುವ ಇರುವೆಯಲ್ಲಿ ರಾಣಿ ಸತ್ತರೆ ಆಳುಗಳೇ ಮೀಸೆಯಲ್ಲಿ ಬಡಿದಾಡಿ, ಗೆದ್ದವು ಮೊಟ್ಟೆ ಇಡಲು ಶುರು ಮಾಡುತ್ತವೆ. ಹಾಗೆ ಬಡ್ತಿ ಸಿಕ್ಕವುಗಳ ಮಿದುಳು ಸುಮಾರು ಐದನೇ ಒಂದು ಭಾಗ ಕುಗ್ಗುತ್ತೆ. ಮತ್ತೆ ಆಳಿನ ಕೆಲಸಕ್ಕೆ ಇಳಿಸಿದರೆ ಮಿದುಳು ವಾಪಸ್ ಬೆಳೆಯುತ್ತೆ! 2021ರಲ್ಲಿ ಇದನ್ನು ತೋರಿಸಿದರು. ಬಡ್ತಿ ಸಿಕ್ಕವರ ಮಿದುಳಿನ ಬಗ್ಗೆ ನಮ್ಮ ಆಫೀಸಿನಲ್ಲೂ ಇದೇ ಅನುಮಾನ ಇದೆ.

ಸಾಕಲು ಮಾತ್ರ ಹೊಸಬರಿಗೆ ಬೇಡ. ಜೀವಂತ ಬೇಟೆಯೇ ಬೇಕು, ಕಚ್ಚುವುದಲ್ಲದೆ ಕುಟುಕುತ್ತೆ, ಜಿಗಿಯುತ್ತೆ.

ರಾಯಚೂರು_ಬಿಸಿಲು · ರಾಯಚೂರು

ಒಂದು ಸಂಶಯ. ನಮ್ಮ ಹೊಲದ ಬದುವಿನಲ್ಲಿ ಕಪ್ಪು ಇರುವೆ ಗೂಡೊಂದಿದೆ. ಬಾಯಿ ಸುತ್ತ ಒಣ ಕಡ್ಡಿ, ಹಕ್ಕಿ ಪುಕ್ಕ ಎಲ್ಲ ಜೋಡಿಸಿಕೊಂಡಿವೆ. ಆ ಜಾತಿಯ ರಾಣಿ ಹಿಡಿಯಬೇಕು ಅಂತ ಎರಡು ಮಳೆಗಾಲದಿಂದ ಕಾಯುತ್ತಿದ್ದೇನೆ. ಸಿಗುತ್ತಿಲ್ಲ.

ಕೀಟಲೆ

ಇನ್ನೂ ಇಪ್ಪತ್ತು ಮಳೆಗಾಲ ಕಾದರೂ ಸಿಗಲ್ಲ ಅಣ್ಣ. ಅದು ಡಯಕಮ್ಮಾ. ಆ ಕುಲದಲ್ಲಿ ರಾಣಿ ಅನ್ನುವ ಜೀವಿಯೇ ಇಲ್ಲ. ಹುಟ್ಟುವಾಗ ಎಲ್ಲ ಹೆಣ್ಣುಗಳ ಎದೆಯ ಮೇಲೂ ಎರಡು ಪುಟ್ಟ ಮೊಗ್ಗು ಇರುತ್ತವೆ. ಮೇಲಿನ ಸ್ಥಾನದಲ್ಲಿರುವುದು ಹೊಸದಾಗಿ ಹುಟ್ಟಿದವುಗಳ ಮೊಗ್ಗನ್ನು ಕತ್ತರಿಸಿ ಹಾಕುತ್ತೆ. ಮೊಗ್ಗು ಉಳಿದದ್ದು ಮಾತ್ರ ಗಂಡಿನ ಜೊತೆ ಸೇರಿ ಮೊಟ್ಟೆ ಇಡಬಹುದು. ಕತ್ತರಿಸಿಕೊಂಡವು ಜೀವನಪೂರ್ತಿ ಆಳು. ಅದರ ಗೂಡಿನ ಬಾಯಿ ನೋಡಿಯೇ ಖುಷಿಪಡಿ.

ರಾಯಚೂರು_ಬಿಸಿಲು

ಅಯ್ಯೋ ಶಿವನೇ. ಇದನ್ನು ಮೊದಲೇ ಯಾರಾದರೂ ಹೇಳಬಾರದಾ!

ಸ್ಟುಟ್‌ಗಾರ್ಟ್_ಕನ್ನಡಿಗ · ಜರ್ಮನಿ · ಜೂನ್

ಇಲ್ಲಿ ಇದು ದೊಡ್ಡ ಹವ್ಯಾಸ. ಇರುವೆ ಸಾಕುವ ಸಾಮಾನು ಮಾರುವುದಕ್ಕೆಂದೇ ಅಂಗಡಿಗಳಿವೆ. ಜೂನ್ ಕೊನೆಯಿಂದ ಜುಲೈವರೆಗೆ, ಸೆಕೆ ಹೆಚ್ಚಾದ ಮಧ್ಯಾಹ್ನ, ಲೇಸಿಯಸ್ ನೈಜರ್ ಅನ್ನುವ ಕಪ್ಪಿರುವೆ ಒಂದೇ ಹೊತ್ತಿಗೆ ಊರೆಲ್ಲಾ ಹಾರುತ್ತೆ. ಫುಟ್‌ಪಾತ್ ಮೇಲೆ ರಾಣಿಯರ ಸಂತೆ. ಎಲ್ಲರೂ ಕಲಿಯುವುದು ಅದರಲ್ಲೇ.

ನಿಮಗಿಲ್ಲದ ಒಂದು ಕಷ್ಟ ನಮಗಿದೆ. ಚಳಿಗಾಲದಲ್ಲಿ ಇವನ್ನು ಮಲಗಿಸಬೇಕು. ನವೆಂಬರ್‌ನಿಂದ ಫೆಬ್ರವರಿ ತನಕ ಟ್ಯೂಬ್ ಫ್ರಿಜ್‌ನಲ್ಲಿ, 5ರಿಂದ 8 ಡಿಗ್ರಿಯಲ್ಲಿ. ಮೊಸರಿನ ಡಬ್ಬಿ ಪಕ್ಕ ಇರುವೆ ಟ್ಯೂಬ್ ನೋಡಿದ ನನ್ನ ಹೆಂಡತಿಯ ಮುಖ ನೀವು ನೋಡಬೇಕಿತ್ತು. ನಿಮ್ಮ ಮೈಸೂರಿನ ಗೊದ್ದಕ್ಕೆ ಇದ್ಯಾವುದೂ ಬೇಡ. ಹೀಟರ್ ಬೇಡ, ಫ್ರಿಜ್ ಬೇಡ. ಪುಣ್ಯವಂತರು.

ಇನ್ನೊಂದು, ಇದು ಒಂದು ಸೀಸನ್ನಿನ ಆಟ ಅಂದುಕೊಳ್ಳಬೇಡಿ. ಈ ಲೇಸಿಯಸ್ ನೈಜರ್‌ನ ಒಂದು ರಾಣಿ ಸಾಕಿದವರ ಮನೆಯಲ್ಲಿ 28 ವರ್ಷಕ್ಕೂ ಹೆಚ್ಚು ಬದುಕಿದ ದಾಖಲೆ ಇದೆ. ನಾಯಿಗಿಂತ ಜಾಸ್ತಿ.

ಮಳೆಗಾಲದ_ಮನು

28 ವರ್ಷಾನಾ?! ಅಮ್ಮನಿಗೆ ಇದನ್ನು ಹೇಳುವುದಿಲ್ಲ.

ಅಪ್‌ಡೇಟ್: ಮೊಟ್ಟೆ ಇಟ್ಟಿದೆ! ಒದ್ದೆ ಹತ್ತಿಯ ಹತ್ತಿರ, ಅಕ್ಕಿ ನುಚ್ಚಿಗಿಂತ ಸಣ್ಣದು, ಎಲ್ಲ ಒಂದಕ್ಕೊಂದು ಅಂಟಿಕೊಂಡ ಮುದ್ದೆ. ಟಾರ್ಚ್ ಹಾಕಿದ ತಕ್ಷಣ ಮುದ್ದೆಯನ್ನೇ ಬಾಯಲ್ಲಿ ಕಚ್ಚಿಕೊಂಡು ಆ ಕಡೆಯಿಂದ ಈ ಕಡೆಗೆ ಓಡಿತು. ಇದೇ ಗಾಬರಿ ಅಲ್ವಾ ಸರ್? ಇನ್ನು ಟಾರ್ಚ್ ಇಲ್ಲ.

ಕಡಲತಡಿ · ಉಡುಪಿ

ಕೆಂಪು ಬಣ್ಣದ ಪಾರದರ್ಶಕ ಹಾಳೆ ಸಿಗುತ್ತದೆ ಮಾರಾಯ್ರೆ, ಸ್ಟೇಶನರಿ ಅಂಗಡಿಯಲ್ಲಿ. ಟ್ಯೂಬಿಗೆ ಸುತ್ತಿ. ಕೆಂಪು ಬೆಳಕು ಇರುವೆಗಳಿಗೆ ಬಹಳ ಮಟ್ಟಿಗೆ ಕಾಣುವುದಿಲ್ಲ. ಅವಕ್ಕೆ ಕತ್ತಲೆ, ನಿಮಗೆ ಸಿನಿಮಾ. ಆದರೂ ಕೈಗೆ ಎತ್ತಿಕೊಳ್ಳಬೇಡಿ. ಅವು ಕಣ್ಣಿಗಿಂತ ಕಾಲಿನಲ್ಲಿ ಹೆಚ್ಚು ತಿಳಿಯುತ್ತವೆ. ಮಿಕ್ಸಿ ಇಟ್ಟ ಕಟ್ಟೆ, ವಾಷಿಂಗ್ ಮೆಷಿನ್, ಸ್ಪೀಕರ್ ಹತ್ತಿರ ಎಲ್ಲ ಬೇಡವೇ ಬೇಡ.

ಸುಮಾ_ಟೀಚರ್

ಸೊಳ್ಳೆ ಬತ್ತಿ ವಿಷಯ ಯಾರೂ ಹೇಳಲಿಲ್ಲ. ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಕಾಯಿಲ್, ಇರುವೆ ಚಾಕ್‌ಪೀಸ್, ಜಿರಳೆ ಸ್ಪ್ರೇ, ಇವೆಲ್ಲ ಕೀಟನಾಶಕವೇ. ಸೊಳ್ಳೆಗೆ ಹಾಕಿದ್ದು ಇರುವೆಗೂ ತಾಗುತ್ತೆ. ಟ್ಯೂಬ್ ಇರುವ ಕೋಣೆಯಲ್ಲಿ ಅದನ್ನು ಹಚ್ಚಬೇಡಿ. ಮಲಗುವ ಕೋಣೆಯ ಬೀರು ಆದರೆ ಟ್ಯೂಬ್ ಅಲ್ಲಿಂದ ಎತ್ತಿ ಬೇರೆ ಕಡೆ ಇಡಿ.

ಮಳೆಗಾಲದ_ಮನು

ಟೀಚರ್, ಮಲಗುವ ಕೋಣೆಯೇ! ಈಗಲೇ ಪುಸ್ತಕದ ಕಪಾಟಿಗೆ ಸಾಗಿಸಿದೆ.

ಹೊಸಪೇಟೆ_ಹುಳ · ಹೊಸಪೇಟೆ

ನಾನು ನಿನ್ನೆ ರಾಣಿ ಹಿಡಿದೆ, ರೆಕ್ಕೆ ಇನ್ನೂ ಇದೆ. ಬಿಟ್ಟುಬಿಡಲಾ? ಇನ್ನೊಂದು, ನನ್ನ ಹತ್ತಿರ ಒಂದೇ ಜಾತಿಯ ಎರಡು ರಾಣಿ ಇವೆ. ಒಂದೇ ಟ್ಯೂಬ್‌ಗೆ ಹಾಕಿದರೆ ಗೂಡು ಬೇಗ ಬೆಳೆಯುತ್ತಾ?

ಕೀಟಲೆ

ರೆಕ್ಕೆ ಇದ್ದರೆ ಕೂಡಿಲ್ಲ ಅಂತಲೂ ಅಲ್ಲ, ಉದುರಿದ್ದರೆ ಕೂಡಿದೆ ಅಂತಲೂ ಅಲ್ಲ. ಕೆಲವು ಸಲ ಕೂಡದ ರಾಣಿಯೂ ರೆಕ್ಕೆ ಕಿತ್ತುಕೊಂಡು ಮೊಟ್ಟೆ ಇಡುತ್ತೆ. ಅದರಿಂದ ಬರುವುದು ಬರೀ ಗಂಡು, ಗೂಡು ಆಗುವುದಿಲ್ಲ. ಟ್ಯೂಬ್‌ನಲ್ಲಿ ಹಾಕಿ ಕೆಲವು ವಾರ ಕಾಯಿರಿ. ಎಷ್ಟು ದಿನವಾದರೂ ರೆಕ್ಕೆ ಹಾಗೇ, ಮೊಟ್ಟೆಯೂ ಇಲ್ಲ ಅಂದರೆ ಹಿಡಿದ ಜಾಗದಲ್ಲೇ ಬಿಟ್ಟುಬಿಡಿ.

ಎರಡು ರಾಣಿ ಬೇಡ. ಮೊದಮೊದಲು ಅಕ್ಕತಂಗಿಯರ ಹಾಗೆ ಇರುತ್ತವೆ. ಕೆಲವು ಜಾತಿಗಳಲ್ಲಿ ಒಟ್ಟಿಗೇ ಗೂಡು ಶುರು ಮಾಡುವುದೂ ಉಂಟು, ಸ್ಟುಟ್‌ಗಾರ್ಟ್ ಅವರ ಲೇಸಿಯಸ್ ಹಾಗೆ. ಆದರೆ ಆಳುಗಳು ಹುಟ್ಟಿದ ಮೇಲೆ ಜಗಳ ಶುರುವಾಗಿ ಒಂದೇ ಉಳಿಯುತ್ತೆ. ಗೆದ್ದ ರಾಣಿಗೂ ಕಾಲೋ ಮೀಸೆಯೋ ಹೋಗಿರಬಹುದು. ಬೇರೆ ಬೇರೆ ಟ್ಯೂಬ್, ಇಪ್ಪತ್ತು ರೂಪಾಯಿ ಖರ್ಚು.

ಬೇಲೂರು_ಬಂಟ · ಹಾಸನ · ಜುಲೈ

ಎಲ್ಲ ಓದಿದೆ. ಬೇಜಾರಾಗಬೇಡಿ, ಒಂದು ಮಾತು. ಬಯಲಲ್ಲಿ ಬದುಕುವ ಜೀವಿಯನ್ನು ಗಾಜಿನಲ್ಲಿ ಹಾಕಿ ಕತ್ತಲಲ್ಲಿ ಇಡುವುದು ನನಗೆ ಸರಿ ಕಾಣುತ್ತಿಲ್ಲ. ಅಂಗಳದಲ್ಲಿ ಕೂತು ನೋಡಿದರೆ ಸಾಲದಾ? ನಮ್ಮಜ್ಜಿ ರಂಗೋಲಿಗೆ ಅಕ್ಕಿಹಿಟ್ಟೇ ಹಾಕುತ್ತಿದ್ದರು, ಇರುವೆ ತಿನ್ನಲಿ ಅಂತ.

ಕೀಟಲೆ

ಬೇಜಾರು ಯಾಕೆ, ಕೇಳಬೇಕಾದ ಪ್ರಶ್ನೆಯೇ. ನನ್ನ ಮಟ್ಟಿಗೆ ಉತ್ತರ ಹೀಗೆ. ಮಳೆಯಾದ ಸಂಜೆ ಹಾರಿ ಇಳಿದ ರಾಣಿಯರಲ್ಲಿ ಬಹುಪಾಲು ಬೆಳಗಾಗುವುದರೊಳಗೆ ಹಲ್ಲಿ, ಕಪ್ಪೆ, ಮೈನಾ, ಬೇರೆ ಇರುವೆಗಳ ಬಾಯಿಗೆ ಹೋಗಿರುತ್ತವೆ. ಅವುಗಳಲ್ಲಿ ಒಂದನ್ನು ಎತ್ತಿಕೊಂಡರೆ ಆ ಜಾಗಕ್ಕೆ ನಷ್ಟವಿಲ್ಲ. ಟ್ಯೂಬ್ ರಾಣಿಗೆ ಬೇಕಾದ ಗಾತ್ರದ್ದೇ. ಮಣ್ಣಿನಡಿಯೂ ಅದು ಇರುವುದು ಅಷ್ಟೇ ಜಾಗದಲ್ಲಿ, ಅಷ್ಟೇ ಕತ್ತಲಲ್ಲಿ.

ಆದರೆ ಇದ್ದ ಗೂಡನ್ನು ಅಗೆದು ರಾಣಿ ತೆಗೆಯುವುದಿದೆಯಲ್ಲ, ಅದಕ್ಕೆ ನಾನು ಪೂರ್ತಿ ವಿರೋಧಿ. ರಾಣಿ ಹೋದ ಗೂಡು ನಿಧಾನಕ್ಕೆ ಸಾಯುತ್ತೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಿಂದ ಏನನ್ನೂ ತರಬಾರದು, ಇರುವೆಯನ್ನೂ.

ಸ್ಟುಟ್‌ಗಾರ್ಟ್_ಕನ್ನಡಿಗ

ಮಾರಾಟದ ವಿಷಯವನ್ನೂ ಸೇರಿಸಿ. 2025ರ ಏಪ್ರಿಲ್‌ನಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಸುಮಾರು 5,000 ರಾಣಿ ಇರುವೆಗಳ ಜೊತೆ ಸಿಕ್ಕಿಬಿದ್ದರು. ಎರಡು ಸಾವಿರಕ್ಕೂ ಹೆಚ್ಚು ಟೆಸ್ಟ್ ಟ್ಯೂಬ್, ಪ್ರತಿಯೊಂದರಲ್ಲೂ ಹತ್ತಿ, ನಾವಿಲ್ಲಿ ಹೇಳುತ್ತಿರುವ ಇದೇ ಕ್ರಮದಲ್ಲಿ. ಅದರಲ್ಲಿ ಇದ್ದದ್ದು ಆಫ್ರಿಕಾದ ದೊಡ್ಡ ಕಾಳಿರುವೆ, ಮೆಸ್ಸರ್ ಸೆಫಲೋಟಿಸ್. ಯೂರೋಪಿನ ಹವ್ಯಾಸಿಗಳು ಅದಕ್ಕೆ ಒಳ್ಳೆ ದುಡ್ಡು ಕೊಡುತ್ತಾರೆ. ಮೇ ತಿಂಗಳಲ್ಲಿ ಕೋರ್ಟು ತಲಾ ಹತ್ತು ಲಕ್ಷ ಶಿಲ್ಲಿಂಗ್ ದಂಡ, ಇಲ್ಲವೇ ಒಂದು ವರ್ಷ ಜೈಲು ಅಂದಿತು. ನಾವು ಹವ್ಯಾಸ ಅನ್ನುವುದಕ್ಕೆ ಕೀನ್ಯಾದವರು ಕಳ್ಳಸಾಗಣೆ ಅಂದರು, ಅದು ನ್ಯಾಯವೇ.

ಇಲ್ಲಿ ಜರ್ಮನಿಯಲ್ಲೂ ಕಾಡಿನ ಕೆಂಪಿರುವೆಗೆ ಕಾನೂನಿನ ರಕ್ಷಣೆ ಇದೆ, ಗೂಡು ಮುಟ್ಟುವ ಹಾಗಿಲ್ಲ. ಊರಿಗೆ ಬರುವಾಗ ಇಲ್ಲಿನ ರಾಣಿ ತಂದುಕೊಡಿ ಅಂತ ಒಬ್ಬರು ಕೇಳಿದ್ದರು. ತರುವುದಿಲ್ಲ. ಹೊರದೇಶದ ಇರುವೆ ಒಮ್ಮೆ ತಪ್ಪಿಸಿಕೊಂಡರೆ ವಾಪಸ್ ಹಿಡಿಯುವವರು ಯಾರು?

ಕಡಲತಡಿ

ಸರಿಯಾಗಿ ಹೇಳಿದಿರಿ. ನಮ್ಮ ಅಂಗಳದಲ್ಲಿ ಕಾಲಿಗೆ ಬೆಂಕಿ ಇಟ್ಟ ಹಾಗೆ ಕಚ್ಚುವ ಕೆಂಪಿರುವೆ, ಸೊಲೆನಾಪ್ಸಿಸ್ ಜೆಮಿನೇಟಾ, ಅದರ ಮೂಲವೂ ಅಮೆರಿಕ. ಈಗ ನಮ್ಮದೇ ಅನ್ನುವಷ್ಟು ಹರಡಿದೆ. ಅದರ ರಾಣಿಯೂ ಮಳೆಗೆ ಬೇಕಾದಷ್ಟು ಸಿಗುತ್ತದೆ. ಹಿಡಿಯಬೇಡಿ. ಅದರ ಆಳು ಸಣ್ಣ ಸಂದಿಯಲ್ಲೂ ನುಸುಳುತ್ತದೆ, ಕುಟುಕುತ್ತದೆ, ಲೆಕ್ಕವಿಲ್ಲದಷ್ಟು ಮರಿ ಮಾಡುತ್ತದೆ.

ಬೇಲೂರು_ಬಂಟ

ಒಪ್ಪಿದೆ ಅಂತಲ್ಲ, ಅರ್ಥವಾಯಿತು. ಅಗೆಯಬೇಡಿ ಅಂದಿರಲ್ಲ, ಅಷ್ಟು ಸಾಕು. ನಾನು ಅಂಗಳದಲ್ಲೇ ನೋಡುತ್ತೇನೆ.

ಮಳೆಗಾಲದ_ಮನು

ಹುಟ್ಟಿತು!!! ಮೊದಲ ಆಳು! ಬೆಳಿಗ್ಗೆ ಕೆಂಪು ಹಾಳೆಯಿಂದ ನೋಡಿದರೆ ಕಂದು ಬಣ್ಣದ ಕೋಶವೊಂದು ಹರಿದಿದೆ. ರಾಣಿ ದವಡೆಯಿಂದ ಅಂಚು ಹಿಡಿದು ಬಿಡಿಸುತ್ತಿತ್ತು. ಒಳಗಿನಿಂದ ಬಿಳಿಚಿದ, ಕಾಲು ಮಡಚಿಕೊಂಡ ಒಂದು ಮರಿ ಇರುವೆ. ಸಂಜೆ ಹೊತ್ತಿಗೆ ಎದ್ದು ನಡೆಯುತ್ತಿದೆ. ಆದರೆ ತುಂಬಾ ಚಿಕ್ಕದು ಸರ್! ಮನೆ ಹೊರಗಿನ ಗೊದ್ದದ ಅರ್ಧವೂ ಇಲ್ಲ. ಊಟ ಸಾಲಲಿಲ್ವಾ?

ಕೀಟಲೆ

ಅಭಿನಂದನೆ ಮನು! ಗೊದ್ದಕ್ಕೆ ಒಂದೂವರೆಯಿಂದ ಎರಡು ತಿಂಗಳು ಬೇಕು, ನಿಮ್ಮದು ಸರಿಯಾದ ಹೊತ್ತಿಗೇ ಬಂದಿದೆ. ಚಿಕ್ಕದಿರುವುದು ದೋಷವಲ್ಲ. ಮೊದಲ ಸರದಿಯವು ಯಾವಾಗಲೂ ಹೀಗೇ. ರಾಣಿಯ ಮೈಯಲ್ಲಿದ್ದ ದಾಸ್ತಾನು ಇಷ್ಟೇ. ಒಂದು ದೊಡ್ಡದನ್ನು ಬೆಳೆಸುವುದಕ್ಕಿಂತ ಐದಾರು ಚಿಕ್ಕವನ್ನು ಬೆಳೆಸಿದರೆ ಕೈಗಳು ಜಾಸ್ತಿ. ಇವೇ ಹೊರಗೆ ಹೋಗಿ ಊಟ ತಂದ ಮೇಲೆ ಮುಂದಿನವು ದೊಡ್ಡದಾಗಿ ಹುಟ್ಟುತ್ತವೆ. ದೊಡ್ಡ ತಲೆಯ ಭಾರಿ ಗೊದ್ದ ಬೇಕೆಂದರೆ ಗೂಡು ಇನ್ನೂ ಬೆಳೆಯಬೇಕು.

ಈಗ ಊಟ ಶುರು. ಎರಡು ಥರದ್ದು ಬೇಕು. ಆಳುಗಳಿಗೆ ಸಿಹಿ: ಸಕ್ಕರೆ ನೀರು, ಅಥವಾ ನೀರು ಬೆರೆಸಿದ ಜೇನು. ಗಟ್ಟಿ ಜೇನು ಬೇಡ. ಕಡ್ಡಿಯ ತುದಿಯಲ್ಲಿ ಅದ್ದಿದಷ್ಟು ಹನಿ, ಪುಟ್ಟ ಕಾಗದದ ತುಂಡಿನ ಮೇಲೆ. ಕುಡಿದ ಇರುವೆಯ ಹೊಟ್ಟೆ ಪಟ್ಟಿ ಪಟ್ಟಿಯಾಗಿ ಉಬ್ಬುತ್ತೆ. ಅದು ಒಳಗೆ ಹೋಗಿ ಉಳಿದವಕ್ಕೆ ಬಾಯಿಗೆ ಬಾಯಿ ಕೊಟ್ಟು ಹಂಚುವುದನ್ನು ತಪ್ಪದೆ ನೋಡಿ. ಮರಿಹುಳುಗಳಿಗೆ ಮಾಂಸ: ಹೊಡೆದ ಸೊಳ್ಳೆ, ಹಣ್ಣಿನ ನೊಣ, ಮಿಡತೆಯ ಕಾಲಿನ ತುಂಡು. ಬಿಸಿನೀರಿನಲ್ಲಿ ಒಮ್ಮೆ ಅದ್ದಿ ಕೊಟ್ಟರೆ ಅದರ ಮೈಮೇಲಿನ ಉಣ್ಣೆಗಳೂ ಸಾಯುತ್ತವೆ. ಮನೆ ಜಿರಳೆ ಬೇಡ, ಎಲ್ಲಿ ಯಾವ ಸ್ಪ್ರೇ ಕುಡಿದು ಬಂದಿರುತ್ತೋ. ತಿಂದು ಬಿಟ್ಟದ್ದನ್ನು ಮರುದಿನ ತೆಗೆಯಿರಿ.

ಈ ಕುಲದ ಇರುವೆಗಳಿಗೆ ಒಂದು ಅನುಕೂಲ ಇದೆ. ಕರುಳಿನ ಗೋಡೆಯಲ್ಲಿ ಬ್ಲಾಕ್‌ಮ್ಯಾನಿಯಾ ಅನ್ನುವ ಬ್ಯಾಕ್ಟೀರಿಯಾ ವಾಸ. ಬೇಡದ ಸಾರಜನಕವನ್ನೂ ಅದು ಮತ್ತೆ ಪೌಷ್ಟಿಕಾಂಶವಾಗಿ ತಿರುಗಿಸಿ ಕೊಡುತ್ತೆ. ತಾಯಿಯಿಂದ ಮೊಟ್ಟೆಯ ಮೂಲಕವೇ ಮಕ್ಕಳಿಗೆ ಬರುವ ಆಸ್ತಿ. ಮಾಂಸ ಒಂದೆರಡು ದಿನ ತಪ್ಪಿದರೂ ಗೊದ್ದ ತಡೆದುಕೊಳ್ಳುತ್ತೆ.

ಹೊಸಪೇಟೆ_ಹುಳ · ಆಗಸ್ಟ್

ನನ್ನ ಗೂಡು ಹೋಯಿತು. ಮೊದಲ ಆಳುಗಳು ಹುಟ್ಟಿ ಚೆನ್ನಾಗಿದ್ದವು. ಊಟ ಹಾಕಿ ಮಲಗಿದೆ, ಬೆಳಿಗ್ಗೆ ಎದ್ದರೆ ಟ್ಯೂಬ್ ತುಂಬಾ ಬೇರೆ ಸಣ್ಣ ಇರುವೆ. ತಲೆ ಕಪ್ಪು, ಹಿಂಭಾಗ ತಿಳಿ, ಕಣ್ಣಿಗೆ ಕಾಣದಷ್ಟು ಸಣ್ಣ. ಮೊಟ್ಟೆ, ಮರಿ ಎಲ್ಲ ಹೊತ್ತುಕೊಂಡು ಹೋಗುತ್ತಿದ್ದವು. ರಾಣಿ ಸತ್ತಿತ್ತು.

ಕಡಲತಡಿ

ಛೆ. ತುಂಬಾ ಬೇಸರವಾಯಿತು. ಅದು ಟಪಿನೋಮಾ, ಅಡುಗೆಮನೆಯ ಸಕ್ಕರೆ ಡಬ್ಬಿಗೆ ಮುತ್ತುವುದೇ ಅದು. ನಮ್ಮಲ್ಲಿ ಇರುವೆ ಸಾಕುವವರ ದೊಡ್ಡ ವೈರಿ ಮನೆಯ ಇರುವೆಗಳೇ. ಅವಕ್ಕೆ ಹತ್ತಿ ಒಂದು ಅಡ್ಡಿಯೇ ಅಲ್ಲ, ಎಳೆಗಳ ನಡುವೆಯೇ ತೂರುತ್ತವೆ.

ಮುಂದಿನ ಸಲ ಟ್ಯೂಬನ್ನು ಒಂದು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅಗಲವಾದ ತಟ್ಟೆಯಲ್ಲಿಟ್ಟು, ತಟ್ಟೆಗೆ ನೀರು ಹಾಕಿ. ಹಲಸಿನ ಹಣ್ಣು, ಬೆಲ್ಲದ ಪಾತ್ರೆಗೆ ಅಮ್ಮಂದಿರು ಮಾಡುವುದು ಇದನ್ನೇ. ನೀರಿಗೆ ಒಂದು ಹನಿ ಸಾಬೂನು ಬೆರೆಸಿದರೆ ಮೇಲ್ಮೈ ಮೇಲೆ ನಡೆದು ದಾಟಲೂ ಆಗುವುದಿಲ್ಲ. ತಟ್ಟೆ ಗೋಡೆಗೆ ತಾಗಬಾರದು, ಪರದೆ ಬಟ್ಟೆ ಡಬ್ಬಿಗೆ ತಾಗಬಾರದು. ಒಂದು ದಾರ ಸಾಕು ಅವಕ್ಕೆ ಸೇತುವೆಗೆ.

ಹೊಸಪೇಟೆ_ಹುಳ

ಎರಡನೇ ರಾಣಿಯ ಟ್ಯೂಬ್ ಬೇರೆ ಕಪಾಟಿನಲ್ಲಿತ್ತು, ಅದು ಉಳಿದಿದೆ. ಈಗಲೇ ನೀರಿನ ತಟ್ಟೆ ಮಾಡುತ್ತೇನೆ.

ಮಳೆಗಾಲದ_ಮನು · ಅಕ್ಟೋಬರ್

ಎಲ್ಲರಿಗೂ ನಮಸ್ಕಾರ ಮತ್ತೆ. ಟ್ಯೂಬ್ ತುಂಬುತ್ತಾ ಬಂದಿದೆ, ಹತ್ತಿ ಹಳದಿಯಾಗಿದೆ, ನೀರೂ ಕಡಿಮೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ, ಅಲ್ಲಿಂದ ಒಂದು ತುಂಡು ಎಎಸಿ ಬ್ಲಾಕ್ (ಗೋಡೆಗೆ ಹಾಕುವ ಹಗುರ ಸಿಮೆಂಟ್ ಇಟ್ಟಿಗೆ) ಕೇಳಿ ತಂದಿದ್ದೇನೆ. ಅದರಲ್ಲಿ ಗೂಡು ಕೊರೆಯಬಹುದು ಅಂತ ಎಲ್ಲೋ ಓದಿದೆ. ಹೇಗೆ? ಮತ್ತೆ ಇವನ್ನು ಅದರೊಳಗೆ ಸುರಿಯುವುದು ಹೇಗೆ?

ಕೀಟಲೆ

ಸುರಿಯಬೇಡಿ ಮಹಾರಾಯ!

ಬ್ಲಾಕ್ ಒಳ್ಳೆ ಆಯ್ಕೆ. ಹಗುರ, ನೀರು ಹೀರುತ್ತೆ, ಹಳೆ ಸ್ಕ್ರೂಡ್ರೈವರ್‌ನಲ್ಲೇ ಕೆತ್ತಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಕೆಟ್ಟದ್ದು. ಬೆರಳು ದಪ್ಪದ ಆಳಕ್ಕೆ ಮೂರ್ನಾಲ್ಕು ಕೋಣೆ, ನಡುವೆ ಕಿರಿದಾದ ಓಣಿ. ಆಸೆಗೆ ಬಿದ್ದು ಅರಮನೆ ಮಾಡಬೇಡಿ. ಜಾಗ ಜಾಸ್ತಿಯಾದರೆ ಒಂದು ಮೂಲೆಯನ್ನು ಕಸದ ತೊಟ್ಟಿ ಮಾಡಿಕೊಳ್ಳುತ್ತವೆ. ಒಂದು ತುದಿಯಲ್ಲಿ ನೀರು ಹಾಕಲು ಪ್ರತ್ಯೇಕ ಗುಂಡಿ, ಕೋಣೆಗೆ ಸೇರದ ಹಾಗೆ. ಆ ಕಡೆ ತೇವ, ಈ ಕಡೆ ಒಣ. ಎಲ್ಲಿರಬೇಕು ಅಂತ ಅವೇ ಆರಿಸಿಕೊಳ್ಳಲಿ. ಮರಿಗಳನ್ನು ಒಂದು ಕಡೆ, ಕೋಶಗಳನ್ನು ಇನ್ನೊಂದು ಕಡೆ ಒಟ್ಟಿಕೊಳ್ಳುವುದು ಆಗ ಕಾಣುತ್ತೆ. ಮೇಲೆ ಗಾಜು, ಗಾಜಿನ ಮೇಲೆ ನಿಮ್ಮ ಕೆಂಪು ಹಾಳೆ.

ಸಾಗಿಸುವುದಕ್ಕೆ ಟ್ಯೂಬ್ ಬಾಯಿಯನ್ನು ಪ್ಲಾಸ್ಟಿಕ್ ಕೊಳವೆಯಿಂದ ಗೂಡಿಗೆ ಜೋಡಿಸಿ. ಟ್ಯೂಬ್ ಮೇಲಿನ ಹೊದಿಕೆ ತೆಗೆದು ಬೆಳಕು ಬೀಳಲಿ, ಗೂಡು ಕತ್ತಲೆ ಇರಲಿ. ಅಷ್ಟೇ. ಒಂದು ಆಳು ಹೋಗಿ ನೋಡಿಬರುತ್ತೆ, ಆಮೇಲೆ ಇನ್ನೊಂದು. ಒಂದು ರಾತ್ರಿಯಲ್ಲಿ ಹೋಗಬಹುದು, ತಿಂಗಳು ಕೂರಬಹುದು. ನೀರಿದ್ದರೆ ಕೂರಲಿ. ಬಿಸಿ ಮಾಡಿ, ಕುಟ್ಟಿ, ಊದಿ ಓಡಿಸಬೇಡಿ. ಗಾಬರಿಗೆ ಗೊದ್ದ ಫಾರ್ಮಿಕ್ ಆಮ್ಲ ಚಿಮ್ಮುತ್ತೆ. ಮುಚ್ಚಿದ ಗಾಜಿನಲ್ಲಿ ಅದರ ಆವಿಗೆ ಅವೇ ಸಾಯುತ್ತವೆ.

ಗೂಡಿನ ಹೊರಗೆ ತಿರುಗಾಡಲು ಒಂದು ಪ್ಲಾಸ್ಟಿಕ್ ಡಬ್ಬಿ ಬೇಕು. ಟಾಲ್ಕಂ ಪೌಡರನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ ಡಬ್ಬಿಯ ಒಳಗೋಡೆಯ ಮೇಲಂಚಿಗೆ ಎರಡು ಬೆರಳಗಲ ಬಳಿಯಿರಿ. ಸ್ಪಿರಿಟ್ ಆರಿ ವಾಸನೆ ಹೋಗುವವರೆಗೆ ಇರುವೆ ಬಿಡಬೇಡಿ. ಒಣಗಿದ ಮೇಲೆ ಹತ್ತಲು ಬಂದ ಇರುವೆ ಪುಡಿಯ ಸಮೇತ ಜಾರಿ ಕೆಳಗೆ ಬೀಳುತ್ತೆ.

ಕಡಲತಡಿ

ಮೈಸೂರಿಗೆ ಸರಿ. ನಮ್ಮಲ್ಲಿ ಮಳೆಗಾಲಕ್ಕೆ ಪೌಡರ್ ತೇವ ಎಳೆದು ಅಂಟಿನ ಹಾಗಾಗುತ್ತದೆ, ಆಮೇಲೆ ಅದೇ ಏಣಿ. ಕರಾವಳಿಯವರು ವ್ಯಾಸಲೀನ್ ತೆಳ್ಳಗೆ ಸವರಿ, ಮುಚ್ಚಳವೂ ಇರಲಿ, ಮುಚ್ಚಳಕ್ಕೆ ಸಣ್ಣ ಜಾಲರಿ.

ಸುಮಾ_ಟೀಚರ್

ನಮ್ಮೂರಿನಲ್ಲಿ ಇದನ್ನು ಓದಿದ ಒಬ್ಬರು ಚಗಳಿ ಸಾಕುತ್ತೇನೆ ಅಂತ ಹೊರಟಿದ್ದಾರೆ. ಅವರಿಗೂ ಸೇರಿಸಿ ಹೇಳಿ. ರಾಣಿ ಸಿಕ್ಕಿದೆಯಂತೆ, ಹಸಿರು ಬಣ್ಣದ್ದು.

ಕೀಟಲೆ

ಹಸಿರು ಅಂದರೆ ಚಗಳಿ ರಾಣಿಯೇ ಮೇಡಂ. ಟ್ಯೂಬ್‌ನಲ್ಲಿ ಮೊದಲ ಆಳು ಬರುವವರೆಗೆ ಏನೂ ಕಷ್ಟವಿಲ್ಲ. ಕಷ್ಟ ಆಮೇಲೆ. ಅವು ಎಲೆ ಸೇರಿಸಿ, ಮರಿಹುಳುವಿನ ಬಾಯಿಂದ ಬರುವ ರೇಷ್ಮೆಯಿಂದ ಹೊಲಿದು ಗೂಡು ಕಟ್ಟುವ ಜಾತಿ. ಮರಿಯನ್ನು ದವಡೆಯಲ್ಲಿ ಹಿಡಿದು ಒಂದೆಲೆಯಿಂದ ಇನ್ನೊಂದಕ್ಕೆ ಆಡಿಸುತ್ತವೆ. ಬೆಳೆದ ಗೂಡಿಗೆ ಒಂದು ಮರ ಸಾಲದು. ಡಬ್ಬಿಯಲ್ಲಿ ಎಲ್ಲಿ ಹಿಡಿಸುತ್ತೀರಿ? ಅವರ ತೋಟದ ಮಾವಿನ ಮರದ ಮೇಲೆ ಬಿಡಲು ಹೇಳಿ. ಆದರೆ ಆ ಮರದಲ್ಲಿ ಆಗಲೇ ಬೇರೆ ಚಗಳಿ ಗೂಡು ಇರಬಾರದು, ಇದ್ದರೆ ಹೊಸ ರಾಣಿಯನ್ನು ಉಳಿಸುವುದಿಲ್ಲ.

ಸುಮಾ_ಟೀಚರ್

ಅವರ ಮನೆಯಲ್ಲಿ ಚಗಳಿ ಚಟ್ನಿ ಮಾಡುವವರು ಇದ್ದಾರೆ, ಡಬ್ಬಿಗಿಂತ ಆ ಅಪಾಯವೇ ಜಾಸ್ತಿ. ಹೇಳುತ್ತೇನೆ.

ಧಾರವಾಡದ_ದೊಡ್ಡಿರುವೆ

ನಮ್ಮ ಕಡೆ ಕಾಳು ಒಯ್ಯುವ ಇರುವೆ ಇದೆಯಲ್ಲ, ಗೂಡಿನ ಬಾಯಿಯ ಸುತ್ತ ಹೊಟ್ಟಿನ ರಾಶಿ ಹಾಕಿರುತ್ತೆ. ಅದರ ರಾಣಿ ಒಂದು ಸಿಕ್ಕಿದೆ. ಜೇನು ಹಾಕಿಲ್ಲ, ಕೀಟಲೆ ಅವರು ನಿಶ್ಚಿಂತೆಯಿಂದ ಇರಲಿ. ಆಳು ಬಂದ ಮೇಲೆ ಇದಕ್ಕೆ ಸಕ್ಕರೆ ನೀರೋ, ಕಾಳೋ?

ಕೀಟಲೆ

ಎರಡೂ ಇಡಿ, ಕಾಳು ಮುಖ್ಯ. ನವಣೆ, ರಾಗಿ, ಎಳ್ಳು ನಾಲ್ಕು ನಾಲ್ಕು ಕಾಳು. ಮೊದಲ ಆಳುಗಳಿಗೆ ಗಟ್ಟಿ ಕಾಳು ಒಡೆಯಲು ದವಡೆ ಸಾಲದು, ಆದ್ದರಿಂದ ಶುರುವಿನಲ್ಲಿ ಕುಟ್ಟಿ ಪುಡಿ ಮಾಡಿ ಕೊಡಿ. ಅಂಗಡಿಯಿಂದ ಬಿತ್ತನೆ ಬೀಜ ತರಬೇಡಿ, ಅದಕ್ಕೆ ಔಷಧಿ ಲೇಪಿಸಿರುತ್ತಾರೆ. ಮನೆಯಲ್ಲಿ ತಿನ್ನುವ ಕಾಳೇ ಇರಲಿ. ಕಾಳು ಒದ್ದೆ ಹತ್ತಿಗೆ ತಾಗಿದರೆ ಮೊಳಕೆ ಬರುತ್ತೆ, ಬಾಯಿಯ ಕಡೆ ಒಣ ಜಾಗದಲ್ಲಿ ಹಾಕಿ. ಮಾಂಸವೂ ಆಗಾಗ ಬೇಕು, ಮರಿಗಳಿಗೆ.